ನಂದಿಬೆಟ್ಟದ ತಪ್ಪಲಿನ ಎರಡು ಬಾಟಲಿ: ಗ್ರೋವರ್ ಜಂಪಾದ ಒಂದು ಕೆಂಪು, ಒಂದು ಬಿಳಿ

ಗ್ರೋವರ್ ಜಂಪಾ ವೈನ್ ಕಂಪನಿಯ ಲಾ ರಿಸರ್ವ್ ರೆಡ್ ಬಾಟಲಿಯನ್ನು ಅಂಗಡಿಯಿಂದ ತಂದ ಹಾಗೇ ತೆರೆದರೆ ಅರ್ಧ ರುಚಿ ಹೋದಂತೆ. ರೆಡ್ ವೈನನ್ನು ರೂಮ್ ಟೆಂಪರೇಚರಿನಲ್ಲೇ ಕುಡಿಯಬೇಕು ಅನ್ನುವುದು ಚಳಿದೇಶದ ಮಾತು. ಅಲ್ಲಿಯ ಕೋಣೆ 16–18 ಡಿಗ್ರಿ ಇದ್ದೀತು. ಬೆಂಗಳೂರಿನ ಬೇಸಿಗೆಯ ಕೋಣೆ 28 ದಾಟುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಘಾಟು ಮೊದಲು ಮೂಗಿಗೆ ಹೊಡೆದು, ಹಣ್ಣಿನ ಪರಿಮಳ ಹಿಂದೆ ಉಳಿಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.

ಇದು ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ದ್ರಾಕ್ಷಿಗಳ ಮಿಶ್ರಣ, ಓಕ್ ಪೀಪಾಯಿಯಲ್ಲಿ ಮಾಗಿದ್ದು. ಗ್ಲಾಸಿಗೆ 50 ಎಂ.ಎಲ್. ಸಾಕು, ತುಂಬಿಸಿದರೆ ತಿರುಗಿಸಲು ಜಾಗವಿರದು. ಬಿಳಿ ಕಾಗದದ ಮೇಲೆ ಓರೆ ಹಿಡಿದು ಅಂಚು ನೋಡಿ: ನೇರಳೆ ಛಾಯೆ ಇದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ತಿರುಗಿಸಿ ಮೂಸಿದರೆ ಮಾಗಿದ ಕಪ್ಪು ಹಣ್ಣು, ಹಿಂದೆಯೇ ಕಾಳುಮೆಣಸು. ಮೆಣಸು ಶಿರಾಜ್‌ನ ಕೊಡುಗೆ. ಲವಂಗ, ವೆನಿಲ್ಲಾ ಬರುವುದು ಮರದಿಂದ.

ಬಾಯಲ್ಲಿ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಅಂಶ. ಅದನ್ನು ವಿವರಿಸಲು ನಾವು ಒದ್ದಾಡಬೇಕಿಲ್ಲ, 'ಒಗರು' ಎಂಬ ಮಾತೇ ಇದೆ. ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಒರಟಾಗುತ್ತದಲ್ಲ, ಅದೇ. ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರು ಕಳೆಯುವುದೇ ಕಾರಣ. ಕೊಬ್ಬಿರುವ ಮಟನ್ ಚಾಪ್ಸ್ ಜೊತೆಗಿದ್ದರೆ ಒಗರು ಮೆತ್ತಗಾಗುತ್ತದೆ. ಖಾರದ ನಾಟಿಕೋಳಿ ಸಾರಿನ ಜೊತೆ ಮಾತ್ರ ಬೇಡ; ಆಲ್ಕೋಹಾಲ್ ಮತ್ತು ಮೆಣಸಿನಕಾಯಿ ಸೇರಿದರೆ ಬಾಯಿ ಉರಿಯುತ್ತದೆ, ವೈನ್ ಕಹಿ ಅನ್ನಿಸುತ್ತದೆ.

ಗ್ರೋವರ್ ಜಂಪಾದವರದೇ ಬಿಳಿ ವೈನ್ ಸೋವಿನ್ಯೋ ಬ್ಲಾಂಕ್ ಬೇರೆ ಜಾತಿಯದು. ಹೊಸಬರು ಇದರಿಂದಲೇ ಶುರುಮಾಡುವುದು ಒಳ್ಳೆಯದು. 8–10 ಡಿಗ್ರಿಗೆ ತಣಿಸಿದರೆ ಸೀಬೆಹಣ್ಣು, ನಿಂಬೆಸಿಪ್ಪೆ, ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ ಸಿಗುತ್ತದೆ. ಒಗರಿಲ್ಲ, ಹುಳಿಯೇ ಬೆನ್ನೆಲುಬು. ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ನೀರೂರಬೇಕು. ರವಾ ಹಚ್ಚಿ ಕರಿದ ಕಾಣೆ ಮೀನಿಗೆ ನಿಂಬೆ ಹಿಂಡಿದಷ್ಟೇ ಚೆನ್ನಾಗಿ ಒಪ್ಪುತ್ತದೆ. ಐಸ್‌ನಷ್ಟು ತಣ್ಣಗೆ ಮಾಡಿದರೆ ಪರಿಮಳವೆಲ್ಲ ಮುಚ್ಚಿಹೋಗಿ ಬರೀ ಹುಳಿನೀರು.

ಕೊಳ್ಳುವಾಗ ಬಿಳಿಯದರ ಲೇಬಲ್‌ನಲ್ಲಿ ವರ್ಷ ನೋಡಲೇಬೇಕು. ಇದು ಇಟ್ಟು ಕುಡಿಯುವ ವೈನ್ ಅಲ್ಲ, ಎರಡು ವರ್ಷದೊಳಗಿನದೇ ಲೇಸು; ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಹೊಕ್ಕಿದೆ ಅಂತ ಲೆಕ್ಕ. ಬಿಸಿಲು ಬೀಳುವ ಶೋಕೇಸಿನ ಬಾಟಲಿ ಯಾವ ಕಂಪನಿಯದಾದರೂ ಬೇಡ. ಬಿರಡೆ ಮೇಲಕ್ಕೆ ಉಬ್ಬಿದ್ದರೆ ವೈನ್ ಒಳಗೇ ಬೆಂದಿರುತ್ತದೆ, ಹಣ್ಣಿನ ಬದಲು ಜಾಮ್ ವಾಸನೆ. ತೆರೆದಾಗ ಒದ್ದೆ ಗೋಣಿಚೀಲದ ವಾಸನೆ ಬಂದರೆ ಅದು ಬಿರಡೆಯ ದೋಷ. ಎಷ್ಟು ಹೊತ್ತು ಗಾಳಿಗಿಟ್ಟರೂ ಹೋಗದು, ಬಿಲ್ ಸಮೇತ ವಾಪಸ್ ಕೊಡಿ.