ಕೊನೆಯ ಹತ್ತು ಮೀಟರ್: ಮಗಳೊಂದಿಗೆ ಆಡಿ ನೋಡಿದ ನಾಲ್ಕು ಹುಡುಕಾಟಗಳು

ಮಕ್ಕಳನ್ನು ಮನೆಯಿಂದ ಹೊರಗೆ ಕರೆದೊಯ್ಯಬೇಕು, ಆದರೆ ಅದು ಬರೀ ನಡಿಗೆಯಾಗಬಾರದು ಎಂದುಕೊಳ್ಳುವ ತಂದೆತಾಯಿಗಳಿಗೆ ಈಗ ಆಟಗಳಿಗೆ ಬರವಿಲ್ಲ. ನಾವಿರುವ ಸಿಯಾಟಲ್ ಸುತ್ತಮುತ್ತ ನಾನೂ ಮಗಳೂ ನಾಲ್ಕನ್ನು ಮನಸ್ಸಿಟ್ಟು ಆಡಿದ್ದೇವೆ: ಜಿಯೋಕ್ಯಾಶಿಂಗ್, ಲೆಟರ್‌ಬಾಕ್ಸಿಂಗ್, ಪೋಕೆಮಾನ್ ಗೋ ಮತ್ತು ಅಡ್ವೆಂಚರ್ ಲ್ಯಾಬ್. ಶುರು ಮಾಡಿದಾಗ ಅವಳಿಗೆ ಆರು ವರ್ಷ, ಈಗ ಹತ್ತು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನ ಮಗುವಿಗೂ ಅದರ ಜೊತೆಗೆ ಹೋಗುವ ದೊಡ್ಡವರಿಗೂ ಜಿಯೋಕ್ಯಾಶಿಂಗ್‌ನಷ್ಟು ಒದಗಿಬರುವ ಆಟ ಇನ್ನೊಂದಿಲ್ಲ. ಅದಕ್ಕೆ ಕಾರಣ ಆ್ಯಪ್ ಅಲ್ಲ, ಡಬ್ಬಿಯೊಳಗೆ ಸಿಗುವ ಸಾಮಾನೂ ಅಲ್ಲ. ಜಿಪಿಎಸ್ ನಮ್ಮ ಕೈಬಿಡುವ ಕೊನೆಯ ಹತ್ತು ಮೀಟರ್.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯನ್ನು ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಡುತ್ತಾರೆ. 2000ನೇ ಇಸವಿಯ ಮೇ ತಿಂಗಳ ಆರಂಭದವರೆಗೆ ಇದು ಆಗದ ಮಾತಾಗಿತ್ತು. ಅಲ್ಲಿಯವರೆಗೆ ಅಮೆರಿಕ ಸರ್ಕಾರವೇ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. ನೂರು ಮೀಟರ್‌ವರೆಗೆ ತಪ್ಪು ತೋರಿಸುವ ಯಂತ್ರ ಹಿಡಿದು ಯಾರೂ ಕಾಡಿನಲ್ಲಿ ಡಬ್ಬಿ ಹುಡುಕಲಾರರು. ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಆ ಕೆಡಿಸುವಿಕೆ ನಿಂತ ಬೆನ್ನಲ್ಲೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಹೂತಿಟ್ಟು ಅದರ ಸ್ಥಾನವನ್ನು ಅಂತರ್ಜಾಲದಲ್ಲಿ ಹಾಕಿದರು. ಅಂದಿನಿಂದ ತಪ್ಪು ಕಡಿಮೆಯಾಗುತ್ತಾ ಬಂದಿದೆ, ಆದರೆ ಪೂರ್ತಿ ಹೋಗಿಲ್ಲ. ಉಳಿದುಕೊಂಡ ಆ ಚೂರು ತಪ್ಪಿನಲ್ಲೇ ಮಕ್ಕಳ ಪಾಲಿನ ಆಟ ಇದೆ.

ಅದು ಹೇಗೆಂದರೆ, ಇನ್ನೂರು ಮೀಟರ್ ದೂರದಲ್ಲಿ ಬಾಣದ ಗುರುತು ಖಚಿತವಾಗಿ ದಾರಿ ತೋರಿಸುತ್ತದೆ. ಐವತ್ತರಲ್ಲೂ ಸರಿಯೇ. ಇಲ್ಲಿನ ದಟ್ಟ ಸೀಡರ್ ಮತ್ತು ಡಗ್ಲಸ್ ಫರ್ ಮರಗಳ ಕೆಳಗೆ ಹತ್ತು ಮೀಟರಿಗೆ ಬಂದಾಗ ಬಾಣ ಗಿರಗಿರನೆ ತಿರುಗತೊಡಗುತ್ತದೆ. ಎಂಟು ಎನ್ನುತ್ತದೆ, ನಿಂತಲ್ಲೇ ನಿಂತರೂ ಹದಿನಾಲ್ಕು ಎನ್ನುತ್ತದೆ. ಅಲ್ಲಿಂದ ಮುಂದೆ ಯಂತ್ರಕ್ಕೆ ಏನೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾವಿಬ್ಬರೂ ಸೇರಿ ಮಾಡುವ ಬಹುತೇಕ ಕೆಲಸಗಳಲ್ಲಿ, ಗಣಿತವಿರಲಿ ಈಜು ಇರಲಿ, ಉತ್ತರ ನನಗೆ ಮೊದಲೇ ಗೊತ್ತಿರುತ್ತದೆ, ಅವಳಿಗೂ ಅದು ಗೊತ್ತು. ಇಲ್ಲಿ ಇಬ್ಬರೂ ಸಮ. ಅಷ್ಟೇ ಅಲ್ಲ, ಅವಳ ಕಣ್ಣು ನೆಲಕ್ಕೆ ಹತ್ತಿರ. ಬೇರಿನ ಕೆಳಗಿನ ಪೊಟರೆ, ಬಿದ್ದ ಮರದ ಹೊಟ್ಟೆ, ಜರಿಗಿಡದ ಬುಡ ಅವಳಿಗೆ ಬಗ್ಗದೆಯೇ ಕಾಣುತ್ತವೆ.

ಒಮ್ಮೆ ಒಂದು ಹಳೆಯ ಬೊಡ್ಡೆಯ ಸುತ್ತ ನಾನು ಪಾಚಿ ಸರಿಸುತ್ತಿದ್ದೆ. ಅವಳು ದೂರದಲ್ಲಿ ನಿಂತು, "ಅಪ್ಪ, ಅಲ್ಲಲ್ಲ. ಆ ಕಡ್ಡಿಗಳನ್ನು ನೋಡು. ತಾವಾಗಿಯೇ ಬಿದ್ದಿದ್ದರೆ ಹಾಗೆ ಸಾಲಾಗಿ ಇರುತ್ತಿದ್ದವೇ?" ಎಂದಳು. ಬೆರಳು ಗಾತ್ರದ ಆರೇಳು ಕಡ್ಡಿಗಳು ಒಂದೇ ದಿಕ್ಕಿಗೆ ಒರಗಿದ್ದವು. ಅವುಗಳ ಹಿಂದೆ ಹಸಿರು ಬಣ್ಣ ಬಳಿದ ಉಕ್ಕಿನ ಪೆಟ್ಟಿಗೆ. ಮನುಷ್ಯರ ಕೈ ಸೋಕಿದ ಜಾಗಕ್ಕೂ ಸೋಕದ ಜಾಗಕ್ಕೂ ಇರುವ ವ್ಯತ್ಯಾಸವನ್ನು ಏಳು ವರ್ಷದ ಮಗು ತಾನಾಗಿ ಗುರುತಿಸಿದ್ದು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈ ಸಂತೋಷ ಎಲ್ಲ ಡಬ್ಬಿಗಳಲ್ಲೂ ಸಿಗುವುದಿಲ್ಲ, ಆದ್ದರಿಂದ ಆಯ್ಕೆ ಮುಖ್ಯ. ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತವೆ: ಹುಡುಕುವುದು ಎಷ್ಟು ಕಷ್ಟ, ನೆಲ ಎಷ್ಟು ಕಠಿಣ. ಎರಡೂ 1ರಿಂದ 5ರವರೆಗೆ. ನೆಲದ ಅಂಕ 1 ಎಂದರೆ ಗಾಲಿಕುರ್ಚಿಯಲ್ಲಿಯೂ ಹೋಗಬಹುದು. 5 ಎಂದರೆ ದೋಣಿಯೋ ಹಗ್ಗವೋ ಬೇಕು. ಹೆಚ್ಚಿನ ತಂದೆತಾಯಿಗಳು ಈ ಅಂಕಗಳನ್ನಷ್ಟೇ ನೋಡುತ್ತಾರೆ. ಚಿಕ್ಕ ಮಕ್ಕಳಿದ್ದರೆ ಮೊದಲು ನೋಡಬೇಕಾದದ್ದು ಡಬ್ಬಿಯ ಗಾತ್ರ. ಮೈಕ್ರೋ ಎಂದು ಬರೆದಿದ್ದರೆ ಅದು ಹಳೆಯ ಫಿಲ್ಮ್ ರೋಲಿನ ಡಬ್ಬಿಯಷ್ಟೋ ಅದಕ್ಕಿಂತ ಚಿಕ್ಕದೋ ಇರುತ್ತದೆ. ಅಂಗಡಿಯ ಪಾರ್ಕಿಂಗ್ ಜಾಗದ ದೀಪದ ಕಂಬದ ಬುಡದ ಲೋಹದ ಹೊದಿಕೆಯನ್ನು ಎತ್ತಿದರೆ ಅಂಥದೊಂದು ಸಿಗುತ್ತದೆ, ಒಳಗೆ ಕಾಗದದ ಸುರುಳಿಯೊಂದೇ. ದೊಡ್ಡವರಿಗೆ ಸಿಕ್ಕ ಡಬ್ಬಿಗಳ ಎಣಿಕೆ ಏರುತ್ತದೆ, ಮಗುವಿಗೆ ಏನೂ ಇಲ್ಲ. ಆರು ವರ್ಷದವರಿಗೆ ಸ್ಮಾಲ್ ಅಥವಾ ರೆಗ್ಯುಲರ್ ಗಾತ್ರದ್ದನ್ನೇ ಆರಿಸಿ. ಒಳಗೆ ಗೋಲಿ, ಪುಟ್ಟ ಪ್ರಾಣಿಗೊಂಬೆ, ಬೇರೆ ದೇಶದ ನಾಣ್ಯ ಇರುತ್ತವೆ. ಒಂದನ್ನು ತೆಗೆದುಕೊಂಡರೆ ಅದಕ್ಕೆ ಸಮನಾದ ಅಥವಾ ಮೇಲಾದ ಒಂದನ್ನು ಇಡಬೇಕು ಎಂಬುದು ನಿಯಮ. ಈ ಲೆಕ್ಕಾಚಾರವನ್ನು ನನ್ನ ಮಗಳು ನ್ಯಾಯಾಧೀಶರಷ್ಟು ಗಂಭೀರವಾಗಿ ಮಾಡುತ್ತಾಳೆ. ತಿಂಡಿ ಮಾತ್ರ ಇಡಬಾರದು; ವಾಸನೆಗೆ ಪ್ರಾಣಿಗಳು ಬಂದು ಡಬ್ಬಿಯನ್ನೇ ಕಡಿದು ಹಾಕುತ್ತವೆ.

ಮೊಬೈಲೋ ಕೈಯಲ್ಲಿ ಹಿಡಿಯುವ ಪ್ರತ್ಯೇಕ ಜಿಪಿಎಸ್ ಯಂತ್ರವೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡನ್ನೂ ಬಳಸಿದ್ದೇವೆ. ದೊಡ್ಡವರು ಒಬ್ಬರೇ ಹೋಗುವುದಾದರೆ ಮೊಬೈಲ್ ಸಾಕು. ನಕ್ಷೆ, ಸುಳಿವು, ಹಿಂದಿನವರ ಟಿಪ್ಪಣಿ ಎಲ್ಲ ಅದರಲ್ಲೇ ಸಿಗುತ್ತವೆ. ಆದರೆ ಮಗುವಿನ ಕೈಗೆ ಕೊಡಲು ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್‌ನಂಥ ಯಂತ್ರವೇ ಮೇಲು. ಎರಡು ಎಎ ಸೆಲ್‌ಗಳಲ್ಲಿ 25 ಗಂಟೆ ಓಡುತ್ತದೆ ಎಂದು ತಯಾರಕರು ಹೇಳುತ್ತಾರೆ, ಮಳೆಗೆ ಜಗ್ಗುವುದಿಲ್ಲ, ಕೆಸರಿಗೆ ಬಿದ್ದರೆ ಒರೆಸಿಕೊಂಡರಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಅದರಲ್ಲಿ ಬೇರೇನೂ ಇಲ್ಲ. ಸಂದೇಶ ಬರುವುದಿಲ್ಲ, ವಿಡಿಯೊ ಇಲ್ಲ. ಯಂತ್ರ ಅವಳ ಕೊರಳಲ್ಲಿ ನೇತಾಡುತ್ತಿದ್ದರೆ ದಾರಿ ತೋರಿಸುವವಳು ಅವಳು, ಹಿಂಬಾಲಿಸುವವನು ನಾನು.

ಜಿಯೋಕ್ಯಾಶಿಂಗ್‌ನ ಕೊರತೆಗಳನ್ನೂ ಹೇಳಬೇಕು. ಚಂದಾ ಕಟ್ಟದವರಿಗೆ ಅಧಿಕೃತ ಆ್ಯಪಿನಲ್ಲಿ ಸುಲಭದ ಡಬ್ಬಿಗಳಷ್ಟೇ ಪೂರ್ತಿಯಾಗಿ ತೆರೆಯುತ್ತವೆ. ಎಷ್ಟೋ ಡಬ್ಬಿಗಳು ಕಳೆದುಹೋಗಿರುತ್ತವೆ; ಇಟ್ಟವರು ಊರು ಬಿಟ್ಟಿರುತ್ತಾರೆ. ಹೊರಡುವ ಮುನ್ನ ಕೊನೆಯ ಟಿಪ್ಪಣಿಗಳನ್ನು ಓದಿ, ಸಾಲಾಗಿ ಸಿಗಲಿಲ್ಲ, ಸಿಗಲಿಲ್ಲ ಎಂದಿದ್ದರೆ ಮಗುವನ್ನು ಅಲ್ಲಿಗೆ ಕರೆದೊಯ್ಯಬೇಡಿ. ಇಲ್ಲಿನ ಕಾಡುಗಳಲ್ಲಿ ತುರಚೆ ಗಿಡ ಬಹಳ. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬೇಕು.

ಡಬ್ಬಿಯಿಂದ ಡಬ್ಬಿಗೆ ಪಯಣಿಸುವ ವಸ್ತುಗಳದ್ದೂ ಒಂದು ಕಥೆ. ಟ್ರಾವೆಲ್ ಬಗ್ ಎಂಬ ಸಂಖ್ಯೆ ಕೊರೆದ ಲೋಹದ ಬಿಲ್ಲೆಯನ್ನು ಯಾವುದಾದರೂ ಸಾಮಾನಿಗೆ ಕಟ್ಟಿ ಬಿಟ್ಟರೆ, ಕೈಗೆ ಸಿಕ್ಕವರು ಅದನ್ನು ಮುಂದಿನ ಡಬ್ಬಿಗೆ ಸಾಗಿಸುತ್ತಾರೆ. ಅದು ಹೋದ ದಾರಿ ನಕ್ಷೆಯಲ್ಲಿ ಮೂಡುತ್ತದೆ. ಮಗಳು ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಮರದ ಬೊಂಬೆಗೆ ಬಿಲ್ಲೆ ಕಟ್ಟಿ, ಇದು ಹುಟ್ಟಿದೂರಿಗೆ ಹೋಗಬೇಕು ಎಂದು ಗುರಿ ಬರೆದಳು. ಬೊಂಬೆ ಆರೆಗಾನ್ ದಾಟಿ, ಅಟ್ಲಾಂಟಿಕ್ ದಾಟಿ, ಜರ್ಮನಿಯ ಒಂದು ಕಾಡಿನವರೆಗೆ ಹೋಯಿತು. ಅಲ್ಲಿಂದ ಮುಂದೆ ಸುದ್ದಿಯಿಲ್ಲ. ಇಂಥ ಬಿಲ್ಲೆಗಳು ಕಾಣೆಯಾಗುವುದು ಸಾಮಾನ್ಯ, ಆದ್ದರಿಂದ ಮಗು ಅತಿಯಾಗಿ ಹಚ್ಚಿಕೊಂಡ ಗೊಂಬೆಯನ್ನು ಕಳುಹಿಸಬೇಡಿ.

ಲೆಟರ್‌ಬಾಕ್ಸಿಂಗ್ ಇದಕ್ಕಿಂತ ತೀರ ಹಳೆಯದು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗ ಕ್ರಾನ್ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಸೀಸೆಯೊಂದನ್ನು ಇಟ್ಟ. ಅಲ್ಲಿಯವರೆಗೆ ನಡೆದವರು ತಮ್ಮ ಚೀಟಿ ಹಾಕಿ ಬರುತ್ತಿದ್ದರು. ಈಗಿನ ರೂಪದಲ್ಲಿ ಡಬ್ಬಿಯೊಳಗೆ ಒಂದು ರಬ್ಬರ್ ಮೊಹರೂ ಒಂದು ಪುಸ್ತಕವೂ ಇರುತ್ತವೆ. ಅದರ ಮೊಹರನ್ನು ನಮ್ಮ ಪುಸ್ತಕಕ್ಕೆ, ನಮ್ಮ ಮೊಹರನ್ನು ಅದರ ಪುಸ್ತಕಕ್ಕೆ ಒತ್ತಬೇಕು. ಜಿಪಿಎಸ್ ಬೇಕಿಲ್ಲ, ಚಂದಾ ಬೇಕಿಲ್ಲ. ಸುಳಿವುಗಳು ಬರಹದಲ್ಲಿ: ಬೆಂಚಿಗೆ ಬೆನ್ನು ಮಾಡಿ ನಿಂತು, ದಿಕ್ಸೂಚಿಯಲ್ಲಿ 120 ಡಿಗ್ರಿ ಹಿಡಿದು, ನಲವತ್ತು ಹೆಜ್ಜೆ. ಯಾರ ಹೆಜ್ಜೆ ಎಂಬುದರ ಮೇಲೆ ನಮ್ಮಿಬ್ಬರಲ್ಲಿ ನಡೆದ ಚರ್ಚೆಗಳಿಂದಲೇ ಅವಳು ಅನುಪಾತ ಕಲಿತಳು. ನನ್ನ ಎರಡು ಹೆಜ್ಜೆಗೆ ಅವಳ ಮೂರು.

ಮೊಹರನ್ನು ನಾವೇ ಕೆತ್ತುವುದು ಇದರ ಜೀವಾಳ. ದೊಡ್ಡ ಅಳಿಸುವ ರಬ್ಬರಿನ ಮೇಲೆ ಪೆನ್ಸಿಲಿನಲ್ಲಿ ಬರೆದು, ಬಿಳಿಯಾಗಿ ಉಳಿಯಬೇಕಾದದ್ದನ್ನೆಲ್ಲ ಚೂಪು ಉಳಿಯಿಂದ ತೆಗೆಯಬೇಕು. ಎಂಟು ವರ್ಷದವರೆಗೆ ಉಳಿ ನನ್ನ ಕೈಯಲ್ಲೇ ಇತ್ತು. ಒಂಬತ್ತಕ್ಕೆ ಅವಳೇ ಮಿಂಚುಳ್ಳಿಯೊಂದನ್ನು ಕೆತ್ತಿ, ಮೂಲೆಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ 'ಮ'ವನ್ನು ಹಾಕಿದಳು. ಅಚ್ಚಿನಲ್ಲಿ ಸರಿಯಾಗಿ ಬರಬೇಕಾದರೆ ರಬ್ಬರಿನಲ್ಲಿ ತಲೆಕಟ್ಟು, ಸುಳಿ, ಕೊಂಬು ಎಲ್ಲ ಎಡಬಲ ಅದಲುಬದಲಾಗಬೇಕು. ಕನ್ನಡಿಯ ಮುಂದೆ ಕುಳಿತು ಒಂದು ಅಕ್ಷರಕ್ಕೆ ಅರ್ಧ ದಿನ ಕಳೆದಳು. ಭಾನುವಾರದ ಕನ್ನಡ ತರಗತಿಯಲ್ಲಿ ಆ ಅಕ್ಷರವನ್ನು ಅಷ್ಟು ದಿಟ್ಟಿಸಿ ನೋಡಿದ್ದನ್ನು ನಾನು ಕಂಡಿಲ್ಲ. ಈಗ ವಾಷಿಂಗ್ಟನ್ ರಾಜ್ಯದ ಹಲವು ಒದ್ದೆ ಡಬ್ಬಿಗಳ ಪುಸ್ತಕಗಳಲ್ಲಿ ಒಂದು ಕನ್ನಡ ಅಕ್ಷರ ಒತ್ತಿದೆ ಎಂಬುದು ನಮ್ಮಿಬ್ಬರಿಗೂ ಹೆಮ್ಮೆ.

ಹಾಗಿದ್ದರೆ ಇದನ್ನೇ ಮೊದಲ ಸ್ಥಾನದಲ್ಲಿ ಏಕೆ ಇಡಲಿಲ್ಲ? ಸುಳಿವುಗಳ ಇಂಗ್ಲಿಷ್ ಚಿಕ್ಕ ಮಕ್ಕಳಿಗೆ ಗಡುಸು. ಸಾಲು ಸಾಲನ್ನೂ ದೊಡ್ಡವರು ಓದಿ ಬಿಡಿಸಿ ಹೇಳಬೇಕಾಗುತ್ತದೆ. ಆಗ ಹುಡುಕಾಟ ನಮ್ಮದಾಗಿ ಮಗು ಜೊತೆಗಿರುವವರಾಗಿ ಉಳಿಯುತ್ತದೆ. ಡಬ್ಬಿಗಳ ಸಂಖ್ಯೆಯೂ ಕಡಿಮೆ. ಹತ್ತು ದಾಟಿದ, ಕೈಕೆಲಸದಲ್ಲಿ ಆಸಕ್ತಿ ಇರುವ ಮಗುವಾದರೆ ನನ್ನ ತೀರ್ಪು ತಿರುಗಿಬೀಳುತ್ತದೆ. ನಮ್ಮ ಮನೆಯಲ್ಲಿ ಈಗಾಗಲೇ ತಿರುಗುತ್ತಿದೆ.

ಪೋಕೆಮಾನ್ ಗೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಡಾಡುತ್ತಾ ಪರದೆಯ ಮೇಲೆ ಕಾಣುವ ಕಾಲ್ಪನಿಕ ಪ್ರಾಣಿಗಳನ್ನು ಹಿಡಿಯುವ ಈ ಮೊಬೈಲ್ ಆಟ 2016ರ ಜುಲೈನಲ್ಲಿ ಬಂದಾಗ ಮನೆ ಬಿಟ್ಟು ಏಳದವರನ್ನೂ ಬೀದಿಗಿಳಿಸಿತು. 2, 5, 10 ಕಿಲೋಮೀಟರ್ ನಡೆದರೆ ಆಟದೊಳಗಿನ ಮೊಟ್ಟೆಗಳು ಒಡೆದು ಮರಿ ಹೊರಬರುವ ಏರ್ಪಾಡಿನಿಂದ ಮಗಳು ತಾನಾಗಿಯೇ ನಡೆಯೋಣ ಎಂದದ್ದೂ ಉಂಟು. ಆದರೆ ಅಲ್ಲಿ ಸಿಗುವುದೆಲ್ಲ ಪರದೆಯೊಳಗೆ. ಸಮ್ಮಾಮಿಶ್ ಸರೋವರದ ದಡದಲ್ಲಿ ನಮ್ಮ ತಲೆಯ ಮೇಲಿನ ಕೊಂಬೆಯಲ್ಲಿ ಬಿಳಿ ತಲೆಯ ಹದ್ದು ಬಂದು ಕುಳಿತರೂ ಅವಳ ಹೆಬ್ಬೆರಳು ಗಾಜಿನ ಮೇಲೆ ಜಾರುತ್ತಲೇ ಇತ್ತು. ಒಂದು ಫೋನಿಗೆ ಒಬ್ಬರೇ ಆಟಗಾರರು, ಇನ್ನೊಬ್ಬರು ಕಾವಲುಗಾರರು. ನಾವು ಅದನ್ನು ಬಿಟ್ಟೆವು.

ಅಡ್ವೆಂಚರ್ ಲ್ಯಾಬ್ ಜಿಯೋಕ್ಯಾಶಿಂಗ್ ಕಂಪನಿಯದ್ದೇ. ಡಬ್ಬಿ ಇಲ್ಲ. ಸಾಮಾನ್ಯವಾಗಿ ಐದು ಜಾಗ. ಅಲ್ಲಿಗೆ ಹೋಗಿ ನಿಂತರೆ ಪ್ರಶ್ನೆ ತೆರೆಯುತ್ತದೆ, ಸುತ್ತ ನೋಡಿ ಉತ್ತರಿಸಬೇಕು. ಶಿಲ್ಪದ ಕಾಲಬಳಿ ಎಷ್ಟು ಮೀನು, ಫಲಕದಲ್ಲಿ ಯಾವ ಇಸವಿ ಎಂಬಂಥವು. ಹುಡುಕುವ ರೋಮಾಂಚನ ಇದರಲ್ಲಿ ಕಡಿಮೆ. ಆದರೆ ಮೈಸೂರಿನಿಂದ ಅಜ್ಜಿ ಬಂದಾಗ ಇದರಷ್ಟು ಉಪಕಾರ ಬೇರಾವುದೂ ಮಾಡಲಿಲ್ಲ. ಸಮತಟ್ಟು ಕಾಲುದಾರಿ, ನಡುನಡುವೆ ಬೆಂಚು, ಮೊಮ್ಮಗಳು ಪ್ರಶ್ನೆ ಓದುವುದು, ಅಜ್ಜಿ ಕನ್ನಡಕ ಸರಿಮಾಡಿಕೊಂಡು ಉತ್ತರ ಹುಡುಕುವುದು. ಮೂರು ತಲೆಮಾರಿನವರು ಸೇರಿ ಹೋಗುವುದಾದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ.

ರಜೆಗೆ ಬೆಂಗಳೂರಿಗೆ ಹೋದಾಗ ಲೆಕ್ಕ ಬೇರೆ. ಇಲ್ಲಿ ನೆರೆಹೊರೆಯ ಕಾಡಿನಲ್ಲೇ ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕೆಂಬ ನಿಯಮ ಅಡ್ಡ ಬರುವಷ್ಟು ಡಬ್ಬಿಗಳಿದ್ದರೆ, ಅಲ್ಲಿ ನಕ್ಷೆ ಖಾಲಿ ಖಾಲಿ. ಜನಜಂಗುಳಿಯಲ್ಲಿ ವಾರಸುದಾರರಿಲ್ಲದ ಡಬ್ಬಿಯನ್ನು ತಡಕಾಡುವುದು ಕಾವಲುಗಾರರಿಗೆ ಆತಂಕ ತರುತ್ತದೆ, ಅದು ಸಹಜವೇ. ಅಲ್ಲಿಗೆ ಒಪ್ಪುವುದು ಅರ್ತ್‌ಕ್ಯಾಶ್ ಮಾದರಿ: ಡಬ್ಬಿ ಇರುವುದಿಲ್ಲ, ಭೂಮಿಯ ರಚನೆಯನ್ನು ನೋಡಿ ಪ್ರಶ್ನೆಗೆ ಉತ್ತರಿಸಬೇಕು. ಅದೇ ಮಾದರಿಯಲ್ಲಿ ನಾನೇ ಪ್ರಶ್ನೆ ಬರೆದು ಲಾಲ್‌ಬಾಗ್ ಬಂಡೆಗೆ ಕರೆದೊಯ್ದೆ. ಸುಮಾರು 300 ಕೋಟಿ ವರ್ಷ ಹಳೆಯ ಆ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಪ್ಪು ಬಿಳಿ ಪಟ್ಟೆಗಳು ಎಲ್ಲಿ ಬಾಗುತ್ತವೆ, ಎಲ್ಲಿ ಒಂದನ್ನೊಂದು ಕತ್ತರಿಸುತ್ತವೆ ಎಂದು ಅವಳು ಬೆರಳಿಟ್ಟು ಹಿಂಬಾಲಿಸುತ್ತಾ ಕೆಂಪೇಗೌಡ ಗೋಪುರದವರೆಗೆ ಹತ್ತಿದಳು.

ನಮ್ಮ ಮುಂದಿನ ಗುರಿ ಸ್ನೋಕ್ವಾಲ್ಮಿ ಸುರಂಗದ ಆಚೆಗಿರುವ ಡಬ್ಬಿ. 2001ರಲ್ಲಿ ಒಂದು ಹಾಲಿವುಡ್ ಚಿತ್ರದ ಪ್ರಚಾರಕ್ಕೆಂದು ಇಟ್ಟವುಗಳಲ್ಲಿ ಆಟದ ಪಟ್ಟಿಯಲ್ಲಿ ಉಳಿದಿರುವವು ಎರಡೇ, ಇದೊಂದು, ಬ್ರೆಜಿಲ್‌ನದ್ದೊಂದು. ಹಳೆಯ ರೈಲು ಸುರಂಗ 3.6 ಕಿಲೋಮೀಟರ್ ಉದ್ದವಿದೆ, ಒಳಗೆ ದೀಪಗಳಿಲ್ಲ, ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಬಾಗಿಲು ಮುಚ್ಚಿರುತ್ತದೆ. ನಡುಬೇಸಿಗೆಯಲ್ಲೂ ಸ್ವೆಟರ್ ಬೇಕು, ಒಬ್ಬೊಬ್ಬರಿಗೂ ಒಂದೊಂದು ಟಾರ್ಚ್ ಬೇಕು. ಹೋಗುವವರಿದ್ದರೆ ಮಗುವಿನ ಟಾರ್ಚಿಗೆ ಹೊಸ ಸೆಲ್ ಹಾಕಿಕೊಡಿ. ಮುಂದೆ ನಡೆಯುವವರು ಅವರೇ.