ಅವಳಿಗಳ ಲೆಕ್ಕ ಕಲಿಸುವ ಕೋರ್ಸ್: ಮೊದಲರ್ಧ ಸೂಪರ್, ಆಮೇಲೆ ಎಡವಟ್ಟು

ದುಡ್ಡು ಕೊಟ್ಟು ಸೇರಿದ ಆನ್‌ಲೈನ್ ಕೋರ್ಸ್ ಇದು, ಹೆಸರು ಬೇಡ ಬಿಡಿ. ಅವಳಿಗಳನ್ನು ಹೋಲಿಸಿ ಅನುವಂಶೀಯತೆ (ಒಂದು ಗುಣದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು) ಅಳೆಯುವ ಪಾಠ ಮಾತ್ರ ಚೆನ್ನಾಗಿದೆ. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ, ಉಳಿದ ಅವಳಿಗಳಲ್ಲಿ ಜನರಿಂದ ಜನರಿಗೆ ಬದಲಾಗುವ ಜೀನ್‌ಗಳು ಸರಾಸರಿ ಅರ್ಧ ಮಾತ್ರ ಹೊಂದುತ್ತವೆ, ಹಾಗಾಗಿ ಎರಡು ಗುಂಪಿನ ಸಹಸಂಬಂಧಗಳ (ಆ ಗುಣದಲ್ಲಿ ಜೋಡಿಯ ಇಬ್ಬರೂ ಎಷ್ಟು ಹೋಲುತ್ತಾರೆ ಅನ್ನೋ ಅಳತೆ) ವ್ಯತ್ಯಾಸವನ್ನು ದುಪ್ಪಟ್ಟು ಮಾಡಿದರೆ ಅನುವಂಶೀಯತೆಯ ಅಂದಾಜು ಸಿಗುತ್ತದೆ. ಇದೇ ಫಾಲ್ಕನರ್ ಸೂತ್ರ. ತದ್ರೂಪಿಗಳದ್ದು 0.8, ಉಳಿದವರದ್ದು 0.5 ಅಂದುಕೊಳ್ಳಿ. ವ್ಯತ್ಯಾಸ 0.3, ದುಪ್ಪಟ್ಟು 0.6. ಇದನ್ನು 0.8ರಲ್ಲಿ ಕಳೆದರೆ ಉಳಿಯುವ 0.2 ಒಂದೇ ಮನೆಯಲ್ಲಿ ಬೆಳೆದದ್ದರ ಪಾಲು. 1 ಆಗಲು ಬೇಕಾದ ಇನ್ನೊಂದು 0.2 ಒಬ್ಬೊಬ್ಬರ ಸ್ವಂತ ಅನುಭವ, ಅಳತೆಯ ತಪ್ಪು ಎಲ್ಲ ಸೇರಿ. ಪೆನ್ನು ಹಿಡಿದು ಮಾಡಿದಾಗಲೇ ನನ್ನ ತಲೆಗೆ ಹೋಯಿತು.

ಹೋಮ್‌ವರ್ಕ್‌ನಲ್ಲಿ 0.7 ಮತ್ತು 0.3 ಕೊಟ್ಟಿದ್ದರು. ಮನೆಯ ಪಾಲು ಮೈನಸ್ 0.1 ಬಂತು! ಕೇಳಿದರೆ ‘ಸೊನ್ನೆ ಅಂತ ಬರೆದುಬಿಡಿ’ ಅಂದರು. ಸ್ಯಾಂಪಲ್ ಚಿಕ್ಕದಾದರೆ ಹೀಗಾಗಬಹುದು, ಜೀನ್‌ಗಳ ಪರಿಣಾಮ ಸುಮ್ನೆ ಕೂಡಿಕೊಳ್ಳದೆ ಒಂದು ಇನ್ನೊಂದನ್ನು ಮರೆಮಾಡಿದರೂ ಆಗಬಹುದು. ಅದನ್ನು ಹೇಳಬೇಕಿತ್ತು ಅಲ್ವಾ? ಎರಡೂ ಬಗೆಯ ಅವಳಿಗಳನ್ನು ಮನೆಯವರು ಒಂದೇ ಥರ ಬೆಳೆಸುತ್ತಾರೆ ಅನ್ನೋ ಊಹೆಯ ಮೇಲೆ ಇಡೀ ಲೆಕ್ಕ ನಿಂತಿದೆ, ಅದಕ್ಕೆ ಒಂದೇ ಒಂದು ಸ್ಲೈಡ್. 5ಕ್ಕೆ 3 ಸ್ಟಾರ್.