ಎಂಟು ವಾರದ ಶಿಲುಬೆ ಕ್ಲಾಸ್: ಏಳನೇ ವಾರಕ್ಕೋಸ್ಕರವಾದರೂ ಸೇರಿ

ಯೇಸು ಶಿಲುಬೆಯ ಮೇಲೆ ಯಾಕೆ ಸಾಯಬೇಕಾಯಿತು, ಆ ಸಾವಿನಿಂದ ನಮಗೆ ಕ್ಷಮೆ ಸಿಗುವುದು ಹೇಗೆ? ಈ ಪ್ರಶ್ನೆಗೆ ಬೇರೆ ಬೇರೆ ಸಭೆಗಳು ಕೊಡುತ್ತಾ ಬಂದಿರುವ ಉತ್ತರಗಳನ್ನು ಎಂಟು ವಾರದಲ್ಲಿ ಕಲಿಸುವ ಆನ್‌ಲೈನ್ ಕ್ಲಾಸ್ ಇದು. ವಾರಕ್ಕೊಂದು ಪಾಠ, ಒಂದೂವರೆ ಗಂಟೆ. ಜೊತೆಗೆ ಓದಲು ಪಿಡಿಎಫ್, ಪ್ರಶ್ನೆ ಕೇಳಲು ವಾಟ್ಸಾಪ್ ಗ್ರೂಪ್. ಮುಗಿಸಿ ಹತ್ತು ದಿನ ಆಯಿತು. ನಡೆಸಿದವರ ಹೆಸರು ಹೇಳುವುದಿಲ್ಲ. ದೂರು ಒಂದೆರಡು ಇವೆ, ಆದರೆ ಪಾಠ ಮಾಡಿದವರು ಒಳ್ಳೆಯ ಮನುಷ್ಯರು.

ನಾನು ಯಾಕೆ ಸೇರಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಅಭಿಪ್ರಾಯ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಗುವುದಿಲ್ಲ. ಅಣ್ಣ ಹನ್ನೊಂದು ತಿಂಗಳು ಕಾಯಿಲೆ ಬಿದ್ದು ತೀರಿಕೊಂಡ. ಕೊನೆಯ ವಾರ ಒಂದು ರಾತ್ರಿ ಗೋಡೆ ಕಡೆ ಮುಖ ಮಾಡಿಕೊಂಡು "ಅವನು ಕೇಳಿಸಿಕೊಳ್ತಾ ಇಲ್ಲ ಕಣೇ" ಅಂದ. ಯಾರು ಅಂತ ನಾನು ಕೇಳಲಿಲ್ಲ. ಗೊತ್ತಿತ್ತು. ನೀರಿನ ಲೋಟ ಕೈಯಲ್ಲಿತ್ತು, ಬಾಯಿಗೆ ಹಿಡಿದೆ, ಎರಡು ಗುಟುಕು ಕುಡಿದ. ಆಮೇಲೆ ಮನೆಗೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ದೇವರ ಚಿತ್ತ ಅಂದರು, ಪರೀಕ್ಷೆ ಅಂದರು, ಒಪ್ಪಿಕೊಳ್ಳದ ಪಾಪ ಏನಾದರೂ ಇದೆಯಾ ನೋಡಿಕೊಳ್ಳಿ ಅಂತಲೂ ಒಬ್ಬರು ಅಂದರು. ಅದಾದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ವಚನ. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಶಿಲುಬೆಯ ಮೇಲೆ ಯೇಸುವೇ ಹೀಗೆ ಕೂಗಿದ್ದಾನಲ್ಲ, ಹಾಗಾದರೆ ತಂದೆ ಮಗನನ್ನು ನಿಜವಾಗಿಯೂ ಕೈಬಿಟ್ಟನಾ? ಇದೊಂದು ಪ್ರಶ್ನೆ ಇಟ್ಟುಕೊಂಡೇ ಸೇರಿದೆ.

ಮೊದಲ ಎರಡು ವಾರ ಹಳೇ ಒಡಂಬಡಿಕೆಯ, ಅಂದರೆ ಬೈಬಲಿನ ಮೊದಲ ಭಾಗದ, ಬಲಿಗಳು. ಬೇಜಾರಾಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ. ಯಾಜಕಕಾಂಡದ 16ನೇ ಅಧ್ಯಾಯವನ್ನು ಸಾಲು ಸಾಲಾಗಿ ಓದಿಸಿದರು. ಪ್ರಾಯಶ್ಚಿತ್ತದ ದಿನ ಎರಡು ಹೋತಗಳು. ಒಂದನ್ನು ಕೊಯ್ದು ಅದರ ರಕ್ತವನ್ನು ಕೃಪಾಸನದ (ಒಡಂಬಡಿಕೆಯ ಪೆಟ್ಟಿಗೆಯ ಮುಚ್ಚಳದ) ಮೇಲೆ ಚಿಮುಕಿಸುತ್ತಾರೆ. ಇನ್ನೊಂದರ ತಲೆ ಮೇಲೆ ಮಹಾಯಾಜಕ ಆರೋನ ಎರಡೂ ಕೈ ಇಟ್ಟು ಜನರ ಪಾಪವನ್ನೆಲ್ಲ ಹೇಳಿ, ಅದನ್ನು ಜೀವಂತವಾಗಿ ಅಡವಿಗೆ ಬಿಡುತ್ತಾರೆ. ಅಂದರೆ ಪಾಪ ಹೊತ್ತ ಹೋತ ಸಾಯುವ ಹೋತ ಅಲ್ಲ! ಚಿಕ್ಕಂದಿನಿಂದ ಕೇಳಿದ ಅಧ್ಯಾಯ, ಆದರೂ ಇದನ್ನು ನಾನು ಗಮನಿಸಿಯೇ ಇರಲಿಲ್ಲ. ನಮ್ಮ ತಲೆಯಲ್ಲಿ ಎರಡೂ ಸೇರಿ ಒಂದೇ ಹೋತ ಆಗಿಬಿಟ್ಟಿದೆ.

ಮೂರನೇ ವಾರ ಈಡು, ಅಂದರೆ ಸೆರೆಯಲ್ಲಿರುವವರನ್ನು ಬಿಡಿಸಲು ಕೊಡುವ ಬೆಲೆ. ಮನುಷ್ಯಕುಮಾರನು (ಯೇಸು ತನ್ನನ್ನು ಕರೆದುಕೊಂಡ ಹೆಸರು) ತನ್ನ ಪ್ರಾಣವನ್ನು ಅನೇಕರಿಗಾಗಿ ಈಡು ಕೊಡಲು ಬಂದನು ಅಂತ ಮಾರ್ಕ 10:45ರಲ್ಲಿ ಇದೆಯಲ್ಲ, ಆ ಈಡು ಕೊಟ್ಟದ್ದು ಯಾರಿಗೆ? 4ನೇ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿ ಅನ್ನುವ ಬಿಷಪ್ ಸೈತಾನನಿಗೆ ಅಂದ. ಯೇಸುವಿನ ಮನುಷ್ಯ ದೇಹ ಹುಳುವಿನ ಹಾಗೆ, ಒಳಗಿನ ದೈವತ್ವ ಗಾಳದ ಹಾಗೆ, ಸೈತಾನ ನುಂಗಿ ಸಿಕ್ಕಿಬಿದ್ದ ಅಂತ ಅವನ ವಿವರಣೆ. ಅವನ ಗೆಳೆಯ ನಾಜಿಯಾಂಜಸ್‌ನ ಗ್ರೆಗೊರಿಗೆ ಇದು ಸಹಿಸಲಿಲ್ಲ. ಕಳ್ಳನಿಗೆ ಇಷ್ಟು ದೊಡ್ಡ ಬೆಲೆ ಕೊಡುವುದಾ, ನಾಚಿಕೆಗೇಡು ಅಂದ. ತಂದೆಗೆ ಕೊಟ್ಟದ್ದು ಅಂದರೂ ಒಪ್ಪಲಿಲ್ಲ. ಅಬ್ರಹಾಮ ಅರ್ಪಿಸಲು ಹೊರಟ ಮಗ ಇಸಾಕನ ಬಲಿಯನ್ನೇ ತೆಗೆದುಕೊಳ್ಳದ ತಂದೆ ತನ್ನ ಮಗನ ರಕ್ತದಿಂದ ಸಂತೋಷಪಡುತ್ತಾನಾ ಅಂತ ಕೇಳಿದ. ಇಷ್ಟು ಹಿಂದೆಯೇ ಈ ಪ್ರಶ್ನೆ ಕೇಳಿದ್ದರು ಅಂತ ಗೊತ್ತಾಗಿ ನನಗೆ ತುಂಬಾ ಸಮಾಧಾನ ಆಯಿತು, ಕೇಳುವುದೇ ಅಪನಂಬಿಕೆ ಅಂತ ಹೆದರಿಕೊಂಡಿದ್ದವಳು ನಾನು. ಆರ್ಥೊಡಾಕ್ಸ್ ಸಭೆಯವರು ಇವತ್ತಿಗೂ ಪಾಪವನ್ನು ಮುಖ್ಯವಾಗಿ ರೋಗದ ಹಾಗೆ, ಮರಣದ ಹಿಡಿತದ ಹಾಗೆ ನೋಡುತ್ತಾರೆ. ಕ್ರಿಸ್ತನು ಮರಣದಿಂದಲೇ ಮರಣವನ್ನು ತುಳಿದ ಅಂತ ಪಾಸ್ಕ (ಈಸ್ಟರ್) ಹಬ್ಬದಲ್ಲಿ ಹಾಡುತ್ತಾರೆ. ಇದಕ್ಕೆ ಕೊಟ್ಟದ್ದು ಬರೀ ಅರ್ಧ ಗಂಟೆ, ಸಾಲದು.

ನಾಲ್ಕನೇ ವಾರ ಮಧ್ಯಯುಗದ ಇಬ್ಬರು ದೇವತಾಶಾಸ್ತ್ರಜ್ಞರು, ಆನ್ಸೆಲ್ಮ್ ಮತ್ತು ಅಬೆಲಾರ್ಡ್. ಇಲ್ಲಿ ಸರ್ ಒಂದು ಗೊಂದಲವನ್ನು ಚೆನ್ನಾಗಿ ಬಿಡಿಸಿದರು. 1098ರ ಹೊತ್ತಿಗೆ ಆನ್ಸೆಲ್ಮ್ ಬರೆದದ್ದು ದೇವರ ಗೌರವಕ್ಕೆ ಆದ ಕುಂದನ್ನು ತುಂಬಿಕೊಡುವುದರ ಬಗ್ಗೆ. ಒಂದೋ ತುಂಬಿಕೊಡಬೇಕು, ಇಲ್ಲ ಶಿಕ್ಷೆ ಆಗಬೇಕು, ಎರಡರಲ್ಲಿ ಒಂದು. ಯೇಸು ತುಂಬಿಕೊಟ್ಟ, ಹಾಗಾಗಿ ಶಿಕ್ಷೆ ಬೇಕಾಗಲಿಲ್ಲ. ನಾವು ಸಾಮಾನ್ಯವಾಗಿ ಕೇಳುವ "ನಮ್ಮ ಶಿಕ್ಷೆ ಆತನಿಗಾಯಿತು" ಅನ್ನುವ ಮಾತು ಈ ರೂಪದಲ್ಲಿ ಗಟ್ಟಿಯಾದದ್ದು 16ನೇ ಶತಮಾನದಲ್ಲಿ, ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಮತ್ತು ಅವನ ಜೊತೆಯವರ ಕಾಲಕ್ಕೆ. ಅಬೆಲಾರ್ಡ್ ಅಂತೂ ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಎಷ್ಟು ಕ್ರೂರ ಅಂತ ನೇರವಾಗಿ ಕೇಳಿದ. ಶಿಲುಬೆಯಲ್ಲಿ ಕಾಣುವ ಪ್ರೀತಿಯೇ ನಮ್ಮನ್ನು ಬದಲಾಯಿಸುತ್ತದೆ ಅಂದ.

ಈಗ ದೂರು. ಐದನೇ ವಾರ, ಆರನೇ ವಾರ ಎರಡೂ ಶಿಕ್ಷೆಯ ವಿವರಣೆಗೇ ಹೋದವು. ಜಾಸ್ತಿ ಸಮಯ ಕೊಟ್ಟದ್ದಕ್ಕೆ ಬೇಸರವಿಲ್ಲ, ಅದನ್ನು ನಂಬುವವರು ತುಂಬಾ ಜನ ಇದ್ದಾರೆ. ನಮ್ಮ ಅಮ್ಮನೂ ಅದನ್ನೇ ನಂಬುತ್ತಾರೆ, "ನನ್ನ ಸಾಲ ತೀರಿದೆ" ಅಂತ ಹೇಳಿ ನಿಶ್ಚಿಂತೆಯಾಗಿ ಮಲಗುತ್ತಾರೆ, ಅದನ್ನು ಹಗುರ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಬೇಸರ ಆದದ್ದು ಒಂದು ಉದಾಹರಣೆಯಿಂದ. ಒಬ್ಬ ನ್ಯಾಯಾಧೀಶ, ಎದುರಿಗೆ ಒಬ್ಬ ಅಪರಾಧಿ, ನ್ಯಾಯಾಧೀಶ ತನ್ನ ಮಗನನ್ನು ಕರೆದು ಅವನಿಗೆ ಶಿಕ್ಷೆ ಕೊಡುತ್ತಾನೆ. ಇದು ಸುವಾರ್ತೆ ಅಂತೆ. ಇಂಥ ನ್ಯಾಯಾಧೀಶನ ಮನೆಗೆ ನಾನು ಮಗುವನ್ನು ಕಳಿಸುವುದಿಲ್ಲ. ಯೋಹಾನ 10ರಲ್ಲಿ ನನ್ನ ಪ್ರಾಣವನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ನಾನೇ ಕೊಡುತ್ತೇನೆ ಅಂತ ಯೇಸುವೇ ಹೇಳುತ್ತಾನೆ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು ಅಂತ ಪೌಲ ಬರೆಯುತ್ತಾನೆ. ಹೊರಗೆ ನಿಂತು ಹೊಡೆಸುವ ತಂದೆ ಅಲ್ಲಿ ಎಲ್ಲಿದ್ದಾನೆ? ಕ್ರೈಸ್ತರು ಯೇಸುವಿನ ಬಗ್ಗೆ ಅಂತ ಓದುವ, ನೋವುಂಡ ಸೇವಕನ ಕುರಿತ ಯೆಶಾಯ 53 ಕೂಡ ಸರಳವಲ್ಲ. 4ನೇ ವಚನದಲ್ಲಿ ದೇವರು ಅವನನ್ನು ಹೊಡೆದನೆಂದು ನಾವು ಎಣಿಸಿದೆವು ಅಂತ ಇದೆ, 10ನೇ ವಚನದಲ್ಲಿ ಅವನನ್ನು ಜಜ್ಜುವುದು ಕರ್ತನ ಚಿತ್ತವಾಗಿತ್ತು ಅಂತ ಇದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡಬೇಕಿತ್ತು ಅಲ್ವಾ? ಗ್ರೂಪಿನಲ್ಲಿ ಕೇಳಿದೆ. "ಈ ಚರ್ಚೆ ಇಲ್ಲಿಗೆ ಸಾಕು" ಅಂತ ಅಡ್ಮಿನ್ ಬರೆದರು. ನಾನು ವಾದಕ್ಕೆ ಕೇಳಿರಲಿಲ್ಲ. ಆ ವಾರ ಬಿಟ್ಟುಬಿಡೋಣ ಅನಿಸಿತ್ತು.

ಬಿಡದೇ ಇದ್ದದ್ದು ಒಳ್ಳೆಯದಾಯಿತು. ಏಳನೇ ವಾರ ಬೇರೆ ಟೀಚರ್, ವಯಸ್ಸಾದ ಒಬ್ಬ ಮೇಡಂ. ಸ್ಕ್ರೀನಿನ ಮೇಲೆ ಮಾರ್ಕ 15:34 ಒಂದನ್ನೇ ಹಾಕಿ, ಒಂದು ಸಲ ಓದಿ, ಮೈಕ್ ಆಫ್ ಮಾಡಿದರು. ಪೂರ್ತಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಯಾರದೋ ಮನೆಯಲ್ಲಿ ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅವರು ಹೇಳಿದ ಮೊದಲ ಮಾತು ಇದು. ಈ ಸಾಲು 22ನೇ ಕೀರ್ತನೆಯದು, ಕೀರ್ತನೆ ಇರುವುದು ಹೀಬ್ರೂನಲ್ಲಿ, ಅಲ್ಲಿ "ಕೈಬಿಟ್ಟೆ" ಅನ್ನುವುದಕ್ಕೆ "ಅಜವ್ತಾನಿ" ಅಂತ ಇದೆ. ಮಾರ್ಕನಲ್ಲಿ ಯೇಸು ಕೂಗುವುದು "ಎಲೋಹೀ ಎಲೋಹೀ ಲಮಾ ಸಬಕ್ತಾನೀ" ಅಂತ, ಅರಾಮಿಕ್‌ನಲ್ಲಿ. ಅದು ಮನೆಯಲ್ಲಿ ಆಡುವ ಭಾಷೆ. ನೋವಿನಲ್ಲಿ ಬಾಯಿಗೆ ಬರುವುದು ಮನೆಮಾತೇ. ಅಣ್ಣನ "ಕಣೇ" ನೆನಪಾಗಿ ನಾನು ಕ್ಯಾಮೆರಾ ಆಫ್ ಮಾಡಿಕೊಂಡೆ.

ಈ ಕೂಗನ್ನು ಯಾರು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಅಂತ ಅವರು ನಿಧಾನವಾಗಿ ಬಿಡಿಸಿದರು. ಕೆಲವರ ಪ್ರಕಾರ ಮೊದಲ ಸಾಲು ಹೇಳಿದರೆ ಇಡೀ ಕೀರ್ತನೆ ಹೇಳಿದ ಹಾಗೆ, ಮತ್ತು ಆ ಕೀರ್ತನೆಯ 24ನೇ ವಚನದಲ್ಲಿ ದೇವರು ಮುಖ ಮರೆಮಾಡಲಿಲ್ಲ, ಮೊರೆ ಕೇಳಿದನು ಅಂತ ಇದೆ. ಹಾಗಾಗಿ ಇದು ಭರವಸೆಯ ಮಾತು. ಕೆಲವರು ತಂದೆ ನಿಜವಾಗಿಯೂ ಮುಖ ತಿರುಗಿಸಿದ ಅನ್ನುತ್ತಾರೆ. ಮೇಡಂ ಇಲ್ಲಿ ತಡೆದು, ಕ್ಯಾಲ್ವಿನ್ ಕೂಡ ಅಷ್ಟು ದೂರ ಹೋಗಲಿಲ್ಲ ಅಂದರು. ಯೇಸು ತನ್ನ ಆತ್ಮದಲ್ಲಿ ಭಯಂಕರ ಯಾತನೆ ಪಟ್ಟ, ಆದರೆ ದೇವರು ಆತನ ಮೇಲೆ ಎಂದೂ ಕೋಪಗೊಂಡಿರಲಿಲ್ಲ ಅಂತ ಅವನೇ ಬರೆದಿದ್ದಾನೆ. ಇದನ್ನು ಐದನೇ ವಾರದಲ್ಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಕ್ಯಾಥೊಲಿಕ್ ಬೋಧನೆ ಪ್ರಕಾರ ಯೇಸು ತಾನೇ ಪಾಪ ಮಾಡಿದವನ ಹಾಗೆ ತಳ್ಳಿಹಾಕಲ್ಪಟ್ಟವನಲ್ಲ. ಆದರೆ ದೇವರಿಂದ ದೂರವಾದ ನಮ್ಮ ಸ್ಥಿತಿಯನ್ನು ತನ್ನದು ಮಾಡಿಕೊಂಡು, ನಮ್ಮ ಪರವಾಗಿ ಕೂಗಿದ. ಜರ್ಮನಿಯ ದೇವತಾಶಾಸ್ತ್ರಜ್ಞ ಮೋಲ್ಟ್‌ಮನ್ ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ಸೆರೆ ಸಿಕ್ಕವನು, ಸೆರೆಯಲ್ಲೇ ಮಾರ್ಕನ ಸುವಾರ್ತೆಯಲ್ಲಿ ಈ ಕೂಗನ್ನು ಓದಿದವನು. 1972ರಲ್ಲಿ ಅವನು ಬರೆದದ್ದು, ಮಗ ಕೈಬಿಡಲ್ಪಟ್ಟ ನೋವು ಪಟ್ಟ, ತಂದೆ ಮಗನನ್ನು ಕಳೆದುಕೊಂಡ ನೋವು ಪಟ್ಟ ಅಂತ. ದೇವರಿಗೇ ನೋವಾಗುತ್ತಾ ಅಂತ ಹಳೆಯ ಸಭೆಗಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆ ಆಕ್ಷೇಪಣೆಯೂ ನ್ಯಾಯವೇ. ಮುಳುಗುವವನ ಜೊತೆ ಬರೀ ಮುಳುಗುವವನು ಎತ್ತುವುದು ಹೇಗೆ?

ನನಗೆ ಮೊದಲ ವಿವರಣೆ ಸಾಲುವುದಿಲ್ಲ. 24ನೇ ವಚನ ಇದೆ, ನಿಜ. ಆದರೆ ಶಿಲುಬೆಯಿಂದ ಕೇಳಿಸಿದ್ದು ಮೊದಲ ಸಾಲು ಮಾತ್ರ, ಅದೂ ಹತ್ತಿರ ನಿಂತವರಿಗೆ ಸರಿಯಾಗಿ ಕೇಳಿಸದೆ ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆ ಅಂದುಕೊಂಡರು. ಆ ಕೂಗಿಗೆ ಬೇಗ ಬೇಗ ಸುಖಾಂತ್ಯ ಹಚ್ಚಿದರೆ ಅಣ್ಣನ ಮಾತಿಗೂ ಹಾಗೇ ಹಚ್ಚಿದ ಹಾಗೆ. ತಂದೆ ಬೆನ್ನು ತಿರುಗಿಸಿದ ಅನ್ನುವುದನ್ನೂ ನನ್ನಿಂದ ಒಪ್ಪಲು ಆಗುವುದಿಲ್ಲ. ಕೈಬಿಟ್ಟ ಹಾಗೆ ಅನಿಸಿದ್ದು ಪೂರ್ತಿ ನಿಜ, ತಂದೆ ಅಲ್ಲೇ ಇದ್ದದ್ದೂ ನಿಜ. ನಾನು ಈಗ ನಿಂತಿರುವುದು ಇಲ್ಲಿ. ಆ ರಾತ್ರಿ ಅಣ್ಣ ನಂಬಿಕೆ ಕಳೆದುಕೊಂಡ ಅಂತ ನಾನು ತಿಂಗಳುಗಟ್ಟಲೆ ಅತ್ತಿದ್ದೆ. ಈಗ ಅನಿಸುವುದೇ ಬೇರೆ. ಅವನು ಯೇಸು ಇದ್ದ ಜಾಗದಲ್ಲೇ ಇದ್ದ.

ಎಂಟನೇ ವಾರ ಸುಮ್ನೆ ಪುನರಾವರ್ತನೆ, ತಪ್ಪಿಸಿಕೊಂಡರೂ ನಷ್ಟವಿಲ್ಲ. ಕತ್ತಲೆಯಲ್ಲೇ ಮುಗಿಯುವ 88ನೇ ಕೀರ್ತನೆಯನ್ನು ಅಲ್ಲಿ ತೆಗೆದುಕೊಂಡಿದ್ದರೆ ಚೆನ್ನಾಗಿತ್ತು. ಪಿಡಿಎಫ್ ನೋಟ್ಸ್ ಚೆನ್ನಾಗಿದೆ, ವಚನಗಳೆಲ್ಲ ಪೂರ್ತಿಯಾಗಿ ಕೊಟ್ಟಿದ್ದಾರೆ. ಅಕ್ಷರ ಮಾತ್ರ ತುಂಬಾ ಸಣ್ಣದು, ಫೋನಿನಲ್ಲಿ ಓದಲು ಕಷ್ಟ. ಒಟ್ಟು ಐದಕ್ಕೆ ನಾಲ್ಕು ಕೊಡುತ್ತೇನೆ.

ಇಂಥ ಯಾವುದೇ ಕ್ಲಾಸ್ ಸೇರುವ ಮೊದಲು ಎರಡು ವಿಷಯ ಕೇಳಿ ನೋಡಿ. ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್ ವಿವರಣೆಗೆ ಎಷ್ಟು ಸಮಯ ಕೊಡುತ್ತಾರೆ ಅಂತ ಒಂದು. ಪ್ರಶ್ನೆ ಕೇಳಿದರೆ ಉತ್ತರಿಸುವವರು ಯಾರು ಅಂತ ಇನ್ನೊಂದು. ಮತ್ತೆ, ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಐದು, ಆರನೇ ವಾರದ ಪಾಠವನ್ನು ಒಬ್ಬರೇ ಕೂತು ಕೇಳಬೇಡಿ. ಏಳನೆಯದರ ರೆಕಾರ್ಡಿಂಗ್ ಮೊದಲೇ ಕೊಡಿ ಅಂತ ಕೇಳಿ, ಕೊಡುತ್ತಾರೆ. ನಾನು ಅಮ್ಮನಿಗೋಸ್ಕರ ಕೇಳಿ ತೆಗೆದುಕೊಂಡೆ.